ಪ್ರತಿಗೊಂದು ಪ್ರತಿ

ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ, ಬಟ್ಟೆ ಅಂಗಡಿ, ಕ್ಲಿನಿಕ್ಕುಗಳ ಮೇಲಿನ ಮಹಡಿಗಳಲ್ಲಿ ಆಡಿಟರ್ ಕಚೇರಿಗಳು ಬಹಳ. ಅಲ್ಲಿ ಲೆಕ್ಕ ಬರೆಯುವ ಹುಡುಗ ಹುಡುಗಿಯರಿಗೆ ಸಂಜೆಯ ಕೊನೆಯ ಕೆಲಸ ಒಂದೇ: ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬ್ಯಾಕಪ್ ತೆಗೆದು, ಅದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಆಮೇಲೆ ಸಿಸ್ಟಂ ಆಫ್ ಮಾಡುವುದು. ಚೊಕ್ಕವಾಗಿ ನಡೆಯುವ ಕಚೇರಿಯಾದರೆ ಆ ಡಿಸ್ಕಿನ ಫೋಲ್ಡರುಗಳಿಗೆ ವಾರಗಳ ಹೆಸರಿರುತ್ತದೆ. ಈ ಸೋಮವಾರದ ಪ್ರತಿ ಹೋದ ಸೋಮವಾರದ್ದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ, ಮಂಗಳವಾರದ್ದು ಮಂಗಳವಾರದ ಜಾಗದಲ್ಲಿ. ತಿಂಗಳ ಕೊನೆಯ ದಿನದ್ದನ್ನು ಯಾರೂ ಅಳಿಸುವಂತಿಲ್ಲ. ಮಾರ್ಚ್ 31ರದ್ದು ಬೇರೆ ಡಿಸ್ಕಿಗೆ ಹೋಗಿ ಬೀರುವಿನೊಳಗೆ ಬೀಗ ಹಾಕಿಸಿಕೊಳ್ಳುತ್ತದೆ. ಟೇಪಿನ ಕಾಲದ ಗಣಕ ಕೇಂದ್ರಗಳಲ್ಲಿ ಇದನ್ನು ಅಜ್ಜ-ಅಪ್ಪ-ಮಗ ಪದ್ಧತಿ ಎನ್ನುತ್ತಿದ್ದರು. ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಎಂದು ಆಚರಿಸುವವರೂ ಇದ್ದಾರೆ. ಮೂರ್ಖರ ದಿನದ ಹಿಂದಿನ ದಿನವಾದ್ದರಿಂದ ಅದನ್ನು ಆರಿಸಿಕೊಂಡರು. ನಮ್ಮ ಲೆಕ್ಕಿಗರಿಗೆ ಆ ದಿನ ಬ್ಯಾಕಪ್ ತೆಗೆಯಲು ಯಾರೂ ಹೇಳಬೇಕಿಲ್ಲ.

ಇಷ್ಟೊಂದು ಪ್ರತಿ ಯಾಕೆ, ನಿನ್ನೆಯದೊಂದಿದ್ದರೆ ಸಾಲದೇ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಡಿಸ್ಕು ಕೆಟ್ಟುಹೋದರೆ ನಿನ್ನೆಯದು ಸಾಕು. ಆದರೆ ಲೆಕ್ಕದ ತಪ್ಪು ಆದ ದಿನವೇ ಕಣ್ಣಿಗೆ ಬೀಳುವುದಿಲ್ಲ. ಸೋಮವಾರ ಯಾರದೋ ಕೈತಪ್ಪಿನಿಂದ ಅಳಿದುಹೋದ ವೋಚರುಗಳ ವಿಷಯ ಗುರುವಾರ ಬ್ಯಾಂಕ್ ಲೆಕ್ಕ ತಾಳೆ ನೋಡುವಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಬುಧವಾರದ ಪ್ರತಿಯಲ್ಲೂ ಆ ತಪ್ಪು ಚಾಚೂ ತಪ್ಪದೆ ನಕಲಾಗಿರುತ್ತದೆ. ಆಗ ಬೇಕಾಗುವುದು ಹೋದ ಶನಿವಾರದ್ದು. ಇನ್ನೊಂದು ಸೂಕ್ಷ್ಮವೂ ಉಂಟು. ಕೆಲಸ ಬಲ್ಲವರು ಟ್ಯಾಲಿ ತೆರೆದಿರುವಾಗ ಅದರ ಡೇಟಾ ಫೋಲ್ಡರನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡುವುದಿಲ್ಲ. ಆ ಕ್ಷಣದಲ್ಲಿ ಒಂದು ಫೈಲಿನಲ್ಲಿ ಹೊಸ ನಮೂದು ಬಿದ್ದಿರಬಹುದು, ಅದರ ಜೋಡಿ ಫೈಲಿನಲ್ಲಿ ಇನ್ನೂ ಬೀಳದಿರಬಹುದು. ಅರ್ಧ ಬರೆದ ಲೆಕ್ಕದ ನಕಲು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಅದು ಇದೆಯೆಂಬ ನೆಮ್ಮದಿಯಲ್ಲಿ ನಾವಿರುತ್ತೇವೆ. ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ತೆಗೆದರೆ ಆ ಭಯವಿಲ್ಲ.

ಟ್ಯಾಲಿ ಬೆಂಗಳೂರಿನದೇ ಕಂಪನಿ, ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ್ದು. ಲೆಕ್ಕಿಗರ ಈ ಶಿಸ್ತಿಗೆ ಕಾನೂನಿನ ಒತ್ತಾಸೆಯೂ ಇದೆ. ಕಂಪನಿಗಳು ಕಂಪ್ಯೂಟರಿನಲ್ಲಿ ಇಡುವ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂಬ ನಿಯಮ 2022ರ ಆಗಸ್ಟ್ 11ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಆಗಾಗ ಇಟ್ಟರೆ ಸಾಕಿತ್ತು. ತಮಾಷೆಯೆಂದರೆ, ಕಚೇರಿಯಲ್ಲಿ ಒಂದು ಸಂಜೆಯೂ ತಪ್ಪಿಸದೆ ಬ್ಯಾಕಪ್ ತೆಗೆಯುವ ಅದೇ ಹುಡುಗ ಬಿಟಿಎಂ ಲೇಔಟಿನ ರೂಮಿಗೆ ಹೋದರೆ, ಅವನ ಲ್ಯಾಪ್‌ಟಾಪಿನಲ್ಲಿ ಅಕ್ಕನ ಮದುವೆಯ ಫೋಟೋ, ಊರಿನ ಜಮೀನಿನ ಪಹಣಿಯ ಸ್ಕ್ಯಾನು, ತೀರಿಹೋದ ಅಜ್ಜಿ ಹಾಡಿದ ಸೋಬಾನೆಯ ಧ್ವನಿಮುದ್ರಿಕೆ ಎಲ್ಲವೂ ಒಂದೇ ಒಂದು ಪ್ರತಿಯಲ್ಲಿ ಬಿದ್ದಿರುತ್ತವೆ. ಲೆಕ್ಕವನ್ನು ಕೇಳುವವರಿದ್ದಾರೆ. ಅಜ್ಜಿಯ ಹಾಡನ್ನು ಕೇಳುವ ಅಧಿಕಾರಿ ಯಾರೂ ಇಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಬರುವ ಕೇಡುಗಳು ಬಗೆಬಗೆಯವು. ಗುಡುಗು ಮಳೆಯ ಸಂಜೆ ಕರೆಂಟು ಹೋಗಿ, ಬಂದು, ಮತ್ತೆ ಹೋಗುವ ಆಟದಲ್ಲಿ ಡಿಸ್ಕಿಗೆ ಪೆಟ್ಟು ಬೀಳುತ್ತದೆ. ಪಿಜಿಗಳಲ್ಲಿ ಬೆಳಗಿನ ಜಾವ ತೆರೆದಿಟ್ಟ ಬಾಗಿಲಿನಿಂದ ಲ್ಯಾಪ್‌ಟಾಪ್ ಕದಿಯುವುದು ಪೊಲೀಸರಿಗೂ ಬೇಸರ ತರಿಸಿರುವ ಅಪರಾಧ. 2019ರ ನವೆಂಬರ್ 24ರ ಭಾನುವಾರ ಬನ್ನೇರುಘಟ್ಟ ರಸ್ತೆಯ ಬಳಿಯ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ನೆಲದ ಮೇಲೆ ಸಿಪಿಯು ಇಟ್ಟುಕೊಂಡು ಅದರ ಪಕ್ಕದ ಕಪಾಟಿನ ಕೆಳಖಾನೆಯಲ್ಲಿ ಬ್ಯಾಕಪ್ ಡಿಸ್ಕ್ ಇಡುವ ಮನೆಯಲ್ಲಿ ಇಂಥ ದಿನ ಎರಡೂ ಒಟ್ಟಿಗೇ ನೆನೆಯುತ್ತವೆ. ಕಳ್ಳನೂ ಹಾಗೆಯೇ, ಲ್ಯಾಪ್‌ಟಾಪಿನ ಜೊತೆ ಅದೇ ಚೀಲದಲ್ಲಿರುವ ಡಿಸ್ಕನ್ನೂ ಒಯ್ಯುತ್ತಾನೆ. ಇನ್ನು ಯಾರ ತಪ್ಪೂ ಇಲ್ಲದೆ, ಕೇವಲ ವಯಸ್ಸಾಗಿ ಸಾಯುವ ಡಿಸ್ಕುಗಳು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ; ಮೇಜಿನಿಂದ ಒಮ್ಮೆ ಬಿದ್ದರೆ ಆ ಅಂತರ ಎಲ್ಲಿ ಉಳಿದೀತು. ಹೊಸ ಕಾಲದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಆದರೆ ಅದು ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಡ್ರಾಯರಿನಲ್ಲಿ ಬಿದ್ದಿದ್ದರೆ ಆವೇಶ ಮೆಲ್ಲಗೆ ಸೋರಿಹೋಗಬಹುದು. ಹಾಗಾಗಿ ಬಹುಕಾಲ ಬೀರುವಿನಲ್ಲಿಡಲು ಹಳೆಯ ತಿರುಗುವ ಡಿಸ್ಕೇ ವಾಸಿ, ಪೆನ್ ಡ್ರೈವಂತೂ ಬೇಡವೇ ಬೇಡ.

ಕೇಡುಗಳು ಹೀಗೆ ಬೇರೆಬೇರೆ ದಿಕ್ಕಿನಿಂದ ಬರುವುದರಿಂದಲೇ ಬ್ಯಾಕಪ್ಪಿನ ಕಸುಬಿನವರು ಮೂರು-ಎರಡು-ಒಂದು ಎಂಬ ಸೂತ್ರ ಹಿಡಿದರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ 2005ರ ಸುಮಾರಿಗೆ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಕಂಪ್ಯೂಟರ್ ವಿಜ್ಞಾನಿಯಲ್ಲ, ಫೋಟೋ ತೆಗೆಯುವವರು ಎಂಬುದನ್ನು ಗಮನಿಸಬೇಕು. ಮದುವೆ ಎರಡನೇ ಸಲ ನಡೆಯುವುದಿಲ್ಲ ಎಂಬ ಅರಿವು ಅವರಿಗಿಂತ ಹೆಚ್ಚಾಗಿ ಯಾರಿಗಿದ್ದೀತು!

ಮೂರರಲ್ಲಿ ಕಷ್ಟದ್ದು ಕೊನೆಯ ಒಂದು. ನಮ್ಮ ಜನಕ್ಕೆ ಅದು ಸುಲಭವಾಗಬೇಕಿತ್ತು, ಯಾಕೆಂದರೆ ಇಲ್ಲಿ ಬಹುಪಾಲು ಜನಕ್ಕೆ ಊರಿನಲ್ಲೊಂದು ಮನೆ ಇದೆ. ಹಬ್ಬಕ್ಕೆ ಹಾಸನಕ್ಕೋ ಮೈಸೂರಿಗೋ ಹೋಗುವಾಗ ಒಂದು ಡಿಸ್ಕ್ ಒಯ್ದು, ಹೋದ ಹಬ್ಬಕ್ಕೆ ಬಿಟ್ಟುಬಂದಿದ್ದನ್ನು ವಾಪಸ್ ತಂದರೆ ಸರಿ. ಅದೂ ಆಗದಿದ್ದರೆ ಜೆಪಿ ನಗರದ ತಮ್ಮನ ಡಿಸ್ಕು ಬನಶಂಕರಿಯ ಅಕ್ಕನ ಮನೆಯಲ್ಲಿ, ಅಕ್ಕನದು ತಮ್ಮನ ಮನೆಯಲ್ಲಿ. ಕಳ್ಳತನ, ಬೆಂಕಿ, ಕೆರೆ ಏರಿಯ ಒಡಕು ಇವು ಯಾವುವೂ ಸಾಮಾನ್ಯವಾಗಿ ಎರಡು ಮನೆಗೂ ಒಂದೇ ದಿನ ಬರುವುದಿಲ್ಲ. ಬ್ಯಾಂಕ್ ಲಾಕರಿನಲ್ಲಿ ಇಡುವವರೂ ಇದ್ದಾರೆ, ಒಳ್ಳೆಯ ಜಾಗವೇ. ಆದರೆ ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತದಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತ, ಪ್ರವಾಹ ಭೂಕಂಪಗಳಿಗೆ ಅದೂ ಇಲ್ಲ. ಹಣ ಸಿಕ್ಕರೂ ಅಜ್ಜಿಯ ಹಾಡು ಸಿಗದು, ಆದ್ದರಿಂದ ಲಾಕರಿನದೂ ಮೂರರಲ್ಲಿ ಒಂದಾಗಿರಬೇಕೇ ಹೊರತು ಒಂದೇ ಆಗಿರಬಾರದು.

ಬೇರೆಯವರ ಮನೆಗೆ ಹೋಗುವ ಡಿಸ್ಕಿಗೆ ಬೀಗ ಬೇಕು. ವಿಂಡೋಸಿನ ಬಿಟ್‌ಲಾಕರ್, ಎಲ್ಲ ಬಗೆಯ ಕಂಪ್ಯೂಟರಿಗೂ ಒಗ್ಗುವ ವೆರಾಕ್ರಿಪ್ಟ್ ಇಂಥ ಬೀಗಗಳು. ಇವು ಎಷ್ಟು ಗಟ್ಟಿಯೆಂದರೆ ಪಾಸ್‌ವರ್ಡ್ ಮರೆತರೆ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಯಾವ ಚಾಣಾಕ್ಷನೂ ತೆಗೆದುಕೊಡಲಾರ. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಈ ಬೀಗ ತಾನಾಗಿಯೇ ಬೀಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ತೆರೆಯುವ 48 ಅಂಕಿಗಳ ಕೀಲಿ ಆ ಖಾತೆಯಲ್ಲಿರುತ್ತದೆ. ಅದನ್ನು ನೋಡಿ ಕಾಗದದ ಮೇಲೆ ಬರೆದು, ಮನೆಪತ್ರಗಳ ಜೊತೆ ಇಡುವುದು ಐದು ನಿಮಿಷದ ಕೆಲಸ.

ಗೂಗಲ್ ಡ್ರೈವ್‌ನಲ್ಲಿ ಎಲ್ಲ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. ಸಿಂಕ್ ಆಗುವುದು ಬೇರೆ, ಬ್ಯಾಕಪ್ ಆಗುವುದು ಬೇರೆ. ಸಿಂಕ್ ಮಾಡುವ ತಂತ್ರಾಂಶ ನೀವು ಇಲ್ಲಿ ಮಾಡಿದ್ದನ್ನು ಅಲ್ಲಿಯೂ ಮಾಡುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ. 2023ರ ನವೆಂಬರಿನಲ್ಲಿ ಕಂಪ್ಯೂಟರಿನಲ್ಲಿ ಡ್ರೈವ್ ಬಳಸುತ್ತಿದ್ದ ಕೆಲವರ ತಿಂಗಳುಗಟ್ಟಲೆಯ ಫೈಲುಗಳು ಕಾಣೆಯಾಗಿ, ಗೂಗಲ್ ಕಂಪನಿಯೇ ದೋಷವನ್ನು ಒಪ್ಪಿಕೊಂಡು ಮರಳಿ ಪಡೆಯುವ ದಾರಿ ಹೇಳಬೇಕಾಯಿತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವೂ ಅದೇ ವರ್ಷದ ಡಿಸೆಂಬರಿನಿಂದ ಬಂದಿದೆ. ತೀರಿಹೋದ ಹಿರಿಯರ ಖಾತೆಯಲ್ಲಿ ಫೋಟೋ ಇಟ್ಟುಕೊಂಡಿರುವ ಮನೆಗಳು ಇದನ್ನು ನೆನಪಿಡಬೇಕು. ಇನ್ನು ಕ್ಲೌಡ್ ಎಂದು ಕರೆಯುವ ಈ ಮೋಡವೂ ಎಲ್ಲೋ ಒಂದು ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ ಬೇರೆ ಕಡೆ ಪ್ರತಿ ಇಡದಿದ್ದ ಗ್ರಾಹಕರು ಕೈಚೆಲ್ಲಿ ಕೂತರು. ಮೋಡ ಬೇಡವೆಂದಲ್ಲ. ಬೇರೆ ಜಾಗದ ಪ್ರತಿಗೆ ಅದು ಬಹಳ ಅನುಕೂಲ. ಅದೊಂದನ್ನೇ ನಂಬಿ ಕೂರುವುದು ಬೇಡ, ಅಷ್ಟೇ.

ಈ ಕಸುಬಿನಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಆರ್‌ಸಿಂಕ್ ಎಂಬ ಪುಟ್ಟ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ 1996ರಲ್ಲಿ ಬರೆದದ್ದು. ಆಗ ಇಂಟರ್ನೆಟ್ ತೀರ ನಿಧಾನ. ದೊಡ್ಡ ಫೈಲೊಂದರ ಹಳೆಯ ಪ್ರತಿ ಆ ಊರಿನಲ್ಲಿದೆ, ಹೊಸದು ಈ ಊರಿನಲ್ಲಿ. ಬದಲಾದ ಭಾಗವನ್ನಷ್ಟೇ ಕಳಿಸಬೇಕು. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಯಾವುದು ಬದಲಾಗಿದೆಯೆಂದು ತಿಳಿಯುವುದು ಹೇಗೆ? ಅವರು ಕಂಡುಕೊಂಡ ದಾರಿ ಹೀಗಿದೆ. ಹಳೆಯ ಪ್ರತಿ ಇರುವ ಕಂಪ್ಯೂಟರು ತನ್ನ ಫೈಲನ್ನು ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಎರಡು ಗುರುತಂಕಿ ಲೆಕ್ಕ ಹಾಕುತ್ತದೆ. ಒಂದು ಬೇಗ ಲೆಕ್ಕಕ್ಕೆ ಸಿಗುವ ಸಾದಾ ಅಂಕಿ, ಇನ್ನೊಂದು ನಿಧಾನದ ಗಟ್ಟಿ ಅಂಕಿ. ತುಂಡುಗಳನ್ನಲ್ಲ, ಈ ಅಂಕಿಗಳನ್ನು ಮಾತ್ರ ಆಚೆಗೆ ಕಳಿಸುತ್ತದೆ. ಆಚೆಯ ಕಂಪ್ಯೂಟರು ಹೊಸ ಫೈಲಿನ ಉದ್ದಕ್ಕೂ ಒಂದೊಂದೇ ಅಕ್ಷರ ಮುಂದೆ ಸರಿಯುತ್ತ ಸಾದಾ ಅಂಕಿಯನ್ನು ತಾಳೆ ನೋಡುತ್ತದೆ. ಒಂದು ಅಕ್ಷರ ಬಿಟ್ಟು ಮುಂದಿನದನ್ನು ಸೇರಿಸಿಕೊಂಡಾಗ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕಾಗಿಲ್ಲ, ಬಿಟ್ಟಿದ್ದನ್ನು ಕಳೆದು ಬಂದದ್ದನ್ನು ಕೂಡಿದರೆ ಆಯಿತು; ಚಮತ್ಕಾರವೆಲ್ಲ ಅಲ್ಲಿದೆ. ಸಾದಾ ಅಂಕಿ ಹೊಂದಿದಾಗ ಮಾತ್ರ ಗಟ್ಟಿ ಅಂಕಿಯಿಂದ ಖಾತ್ರಿ ಮಾಡಿಕೊಳ್ಳುತ್ತದೆ. ಹೊಂದದೆ ಉಳಿದದ್ದಷ್ಟೇ ತಂತಿಯ ಮೇಲೆ ಹೋಗುತ್ತದೆ. 400 ಪುಟದ ಬರಹದ ನಡುವೆ ಒಂದು ಸಾಲು ಸೇರಿಸಿದ್ದರೆ ಹೆಚ್ಚುಕಡಿಮೆ ಆ ಸಾಲಿನಷ್ಟೇ ಪ್ರಯಾಣ.

ಇದರ ಬೆನ್ನಿಗೆ ಇನ್ನೊಂದು ಜಾಣತನ ಬಂತು. ಪ್ರತಿ ದಿನಕ್ಕೂ ಒಂದು ಫೋಲ್ಡರ್. ಯಾವುದನ್ನು ತೆರೆದರೂ ಆ ದಿನದ ಎಲ್ಲ ಫೈಲುಗಳೂ ಇಡಿಯಾಗಿ ಕಾಣುತ್ತವೆ, ಆದರೆ ಬದಲಾಗದ ಫೈಲು ಡಿಸ್ಕಿನ ಮೇಲೆ ಒಂದೇ ಕಡೆ ಇದ್ದು, ಎಲ್ಲ ದಿನಗಳ ಫೋಲ್ಡರುಗಳೂ ಅದನ್ನೇ ತೋರಿಸುತ್ತಿರುತ್ತವೆ. 2007ರಲ್ಲಿ ಆಪಲ್ ಕಂಪನಿ ಟೈಂ ಮೆಷೀನ್ ಎಂದು ತಂದದ್ದೂ ಇದೇ ಉಪಾಯದ ಮೇಲೆ ನಿಂತಿತ್ತು. ವಿಂಡೋಸಿನವರಿಗೆ ಫೈಲ್ ಹಿಸ್ಟರಿ ಇದೆ. ಎಲ್ಲರ ಕಂಪ್ಯೂಟರಿನಲ್ಲೂ ಇದ್ದು ಯಾರೂ ಹಚ್ಚದ ದೀಪ ಅದು. ವಾರದ ಹೆಸರಿನ ಫೋಲ್ಡರುಗಳಿಂದ ಲೆಕ್ಕಿಗರು ಕೈಯಾರೆ ಮಾಡುವುದನ್ನು ಇವು ತಾವಾಗಿಯೇ ಮಾಡುತ್ತವೆ.

ಪ್ರತಿ ಮಾಡಿ ಹಂಚುವ ಬುದ್ಧಿ ನಮ್ಮ ನಾಡಿಗೆ ಹೊಸತಲ್ಲ. ಹತ್ತನೆಯ ಶತಮಾನದ ಪೊನ್ನ ಕವಿ ಶಾಂತಿಪುರಾಣ ಬರೆದ. ಭುವನೈಕ ರಾಮಾಭ್ಯುದಯ ಎಂಬ ಇನ್ನೊಂದು ಕಾವ್ಯವನ್ನೂ ಬರೆದ. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಶಾಂತಿಪುರಾಣ ಇವತ್ತು ನಮ್ಮ ಕೈಯಲ್ಲಿದೆ. ರಾಮಾಭ್ಯುದಯ ಸಿಕ್ಕಿಲ್ಲ. ಸಾವಿರ ಪ್ರತಿಯಿಂದಲೇ ಒಂದು ಉಳಿಯಿತು ಎಂದು ಸಾಧಿಸಲಾಗದು, ಸಾವಿರ ವರ್ಷದಲ್ಲಿ ಗೆದ್ದಲು, ಬೆಂಕಿ, ಅಸಡ್ಡೆ ಎಲ್ಲವೂ ತಮ್ಮ ಕೆಲಸ ಮಾಡಿರುತ್ತವೆ. ಆದರೂ ಒಬ್ಬನೇ ಕವಿಯ ಎರಡು ಕಾವ್ಯಗಳ ಈ ಪಾಡನ್ನು ನೋಡಿದರೆ ಆ ಹೆಣ್ಣುಮಗಳ ಮುಂದೆ ತಲೆ ಬಾಗುತ್ತದೆ. ಅವಳು ಓಲೆಗಳನ್ನು ಒಂದೇ ಬಸದಿಯ ಭಂಡಾರದಲ್ಲಿ ತುಂಬಿಸಿಡಲಿಲ್ಲ, ಹಂಚಿದಳು.

ಹಲವು ಪ್ರತಿಗಳಿದ್ದರೆ ಇನ್ನೊಂದು ಲಾಭವಿದೆ, ಅದು ಗ್ರಂಥಸಂಪಾದಕರಿಗೆ ಚೆನ್ನಾಗಿ ಗೊತ್ತು. ಜಯನಗರಕ್ಕೆ ಕೂಗಳತೆಯಲ್ಲಿರುವ ನರಸಿಂಹರಾಜ ಕಾಲೊನಿಯ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನದಂಥ ಕಡೆ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವವರು ಒಂದೇ ಕಾವ್ಯದ ಬೇರೆಬೇರೆ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಹೋಲಿಸುತ್ತಾರೆ. ಒಂದೇ ಪ್ರತಿಯಿದ್ದರೆ ಲಿಪಿಕಾರ ಎಲ್ಲಿ ಎಡವಿದ ಎಂದು ತಿಳಿಯುವ ದಾರಿಯಿಲ್ಲ. ಡಿಸ್ಕಿನಲ್ಲೂ ಯಾವುದೋ ಮೂಲೆಯ ಒಂದು ಬಿಟ್ ಸದ್ದಿಲ್ಲದೆ ತಿರುಗಿಬೀಳುವುದುಂಟು. ಅದನ್ನು ಹಿಡಿಯಲು ಪ್ರತಿ ಫೈಲಿಗೂ ಹ್ಯಾಶ್ ಎಂಬ ಗುರುತನ್ನು ಲೆಕ್ಕ ಹಾಕಿ ಬರೆದಿಡುತ್ತಾರೆ. ಎಸ್‌ಎಚ್‌ಎ-256 ಎಂಬ ಬಗೆಯದಾದರೆ 64 ಅಕ್ಷರಗಳ ಸಾಲು; ಫೈಲಿನಲ್ಲಿ ಒಂದು ಕೊಂಬು ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ತಾಳೆ ನೋಡಿದರೆ ಮೂರು ಪ್ರತಿಗಳಲ್ಲಿ ಯಾವುದು ಕೆಟ್ಟಿದೆ, ಯಾವುದು ಸರಿಯಿದೆ ಎಂದು ತಿಳಿಯುತ್ತದೆ.

ಫೈಲು ಸರಿಯಿದ್ದೂ ಓದಲಾಗದ ಸ್ಥಿತಿಯೊಂದಿದೆ. ಕನ್ನಡಿಗರಾದ ನಮಗೆ ಅದು ವಿಶೇಷವಾಗಿ ಅಂಟಿಕೊಂಡು ಬಂದದ್ದು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತಾದರೂ ಎಲ್ಲರ ಕಂಪ್ಯೂಟರಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಅಷ್ಟರೊಳಗೆ ಕೆಲಸ ಸಾಗಿಸಿದ್ದು 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳು. ಒಂದು ತಲೆಮಾರಿನ ಕಥೆ, ಪ್ರಬಂಧ, ಸ್ಮರಣ ಸಂಚಿಕೆ, ಲಗ್ನಪತ್ರಿಕೆಗಳೆಲ್ಲ ಅವುಗಳಲ್ಲೇ ಕೂತಿವೆ. ಆ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಇರಲಿಲ್ಲ, ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ್ದರು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಹಳೆಯ ಫೈಲು ತೆರೆದರೆ ಆ ತೊಡಿಗೆ ಕಳಚಿಬೀಳುತ್ತದೆ. ಕನ್ನಡ ಎಂದು ಬರೆದಿದ್ದ ಜಾಗದಲ್ಲಿ ರೋಮನ್ ಅಕ್ಷರಗಳ ನಡುವೆ ಬ್ರಿಟನ್ನಿನ ಪೌಂಡ್ ಗುರುತೊಂದು ಕಣ್ಣು ಬಿಟ್ಟು ನೋಡುತ್ತಿರುತ್ತದೆ.

ಬನಶಂಕರಿ ಎರಡನೇ ಹಂತದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ನಡೆಸುವ ಮಹಿಳೆಯೊಬ್ಬರು ನನಗೆ ಪರಿಚಯ. ಪೇಜ್‌ಮೇಕರ್ ಕಾಲದಿಂದ ಪುಸ್ತಕಗಳ ಪುಟ ಕಟ್ಟುತ್ತ ಬಂದವರು. ಅವರು ಮುಗಿದ ಪುಸ್ತಕವನ್ನು ಎತ್ತಿಡುವ ರೀತಿಯನ್ನು ನೋಡಿಯೇ ನನಗೆ ಇದರ ಬಗ್ಗೆ ಬರೆಯಬೇಕೆನಿಸಿದ್ದು. ಒಂದು ಪುಸ್ತಕಕ್ಕೆ ಒಂದು ಫೋಲ್ಡರು. ಅದರಲ್ಲಿ ಪುಟ ಕಟ್ಟಿದ ಮೂಲ ಫೈಲು, ಅದಕ್ಕೆ ಬಳಸಿದ ಫಾಂಟುಗಳು, ಚಿತ್ರಗಳು, ಅಚ್ಚಿಗೆ ಕಳಿಸಿದ ಪಿಡಿಎಫ್, ಜೊತೆಗೆ ಬರೀ ಪಠ್ಯವನ್ನು ಯೂನಿಕೋಡಿಗೆ ಬದಲಿಸಿದ ಸಾದಾ ಫೈಲು. ಪೇಜ್‌ಮೇಕರ್ ಇವತ್ತು ಮಾರುಕಟ್ಟೆಯಲ್ಲಿಲ್ಲ, ಮುಂದೆ ಇನ್ಯಾವುದು ಇರುತ್ತದೋ; ಸಾದಾ ಪಠ್ಯವನ್ನು ಯಾವ ಕಂಪ್ಯೂಟರೂ ಓದುತ್ತದೆ, ಪಿಡಿಎಫ್ ಪುಟದ ಅಂದವನ್ನು ಉಳಿಸುತ್ತದೆ.

ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ, ಆದರೆ ಅವರು ಅವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಬದಲಿಸಿದ ಮೇಲೆ ಸೂರ್ಯ, ಕರ್ನಾಟಕ, ವರ್ಷ, ಧರ್ಮ ಎಂಬ ಪದಗಳನ್ನು ಹುಡುಕಿ ನೋಡುತ್ತಾರೆ. ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕಿಂತ ಮುಂಚೆ ಬರಬೇಕು. ಪರಿವರ್ತಕ ಎಡವುವುದಾದರೆ ಅಲ್ಲೇ. ಆಮೇಲೆ ಉದ್ಧರಣ ಚಿಹ್ನೆಗಳು, ಆಮೇಲೆ ಅಂಕಿಗಳು. ಇಷ್ಟು ನೋಡಿದ ಮೇಲೆಯೇ ಫೋಲ್ಡರಿಗೆ ವರ್ಷ, ಲೇಖಕರ ಹೆಸರು, ಮುದ್ರಣದ ಸಂಖ್ಯೆ ಬರೆದು ಎರಡು ಡಿಸ್ಕಿಗೆ ಹಾಕುತ್ತಾರೆ. ಹೊಸದು, ಹೊಸದು2, ಫೈನಲ್, ಫೈನಲ್ ಫೈನಲ್ ಎಂಬ ಹೆಸರುಗಳನ್ನು ಅವರ ಡಿಸ್ಕಿನಲ್ಲಿ ನಾನು ಕಂಡಿಲ್ಲ.

ಅವರ ಬ್ಯಾಕಪ್ಪಿಗೆ ಪರೀಕ್ಷೆ ಹೊರಗಿನಿಂದ ಬರುತ್ತದೆ. ಹತ್ತು ಹನ್ನೆರಡು ವರ್ಷದ ಮೇಲೆ ಯಾರೋ ಲೇಖಕರು ಫೋನ್ ಮಾಡಿ, "ಮೇಡಂ, ಪುಸ್ತಕ ಪಠ್ಯಕ್ಕೆ ಹಾಕಿದ್ದಾರೆ, ಎರಡನೇ ಮುದ್ರಣ ಮಾಡಬೇಕು, ಫೈಲ್ ಇದೆಯಾ?" ಎನ್ನುತ್ತಾರೆ. ಇದೆ ಎನ್ನುವುದು ಉತ್ತರವಲ್ಲ ಎನ್ನುತ್ತಾರೆ ಅವರು, ತೆರೆದುಕೊಂಡಿತು ಎನ್ನುವುದು ಉತ್ತರ. ಈ ಮಾತಿನ ಬೆಲೆಯನ್ನು ದೊಡ್ಡ ಕಂಪನಿಗಳೂ ತೆತ್ತು ಕಲಿತಿವೆ. ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಕೆಲಸದ ದಣಿವಿನಲ್ಲಿದ್ದ ಎಂಜಿನಿಯರೊಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿಬಿಟ್ಟರು. ಪ್ರತಿ ಇಡಲು ಐದು ಬಗೆಯ ಏರ್ಪಾಡಿತ್ತು. ಒಂದೊಂದಾಗಿ ತೆರೆದು ನೋಡಿದರೆ ಯಾವುದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಕೊನೆಗೆ ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಅಕಸ್ಮಾತ್ತಾಗಿ ತೆಗೆದಿಟ್ಟ ಪ್ರತಿಯೊಂದು ಅವರನ್ನು ಕಾಪಾಡಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಗುವ ಮುಂಚೆ, ನಮ್ಮ ಡಿಸ್ಕಿನಿಂದ ಯಾವುದಾದರೂ ನಾಲ್ಕು ಫೈಲುಗಳನ್ನು ಬೇರೊಂದು ಕಂಪ್ಯೂಟರಿಗೆ ತಂದು ತೆರೆದು ನೋಡಬಹುದು: ಒಂದು ಫೋಟೋ, ಒಂದು ವಿಡಿಯೊ, ಒಂದು ಹಳೆಯ ಕನ್ನಡ ಬರಹ, ಒಂದು ಲೆಕ್ಕದ ಹಾಳೆ. ಆ ಕಂಪ್ಯೂಟರು ನಮ್ಮದಲ್ಲದಿದ್ದರೆ ಇನ್ನೂ ಒಳ್ಳೆಯದು. ನಮ್ಮದರಲ್ಲಿ ಫಾಂಟು, ತಂತ್ರಾಂಶ, ಪಾಸ್‌ವರ್ಡ್ ಎಲ್ಲ ಮೊದಲೇ ಇರುವುದರಿಂದ ಕೊರತೆ ತೋರುವುದಿಲ್ಲ.

ಡಿಟಿಪಿ ಮೇಡಂ ಅವರ ಮೂರನೇ ಪ್ರತಿ ಎಲ್ಲಿದೆ ಎಂದು ಕೇಳಿದ್ದೆ. ಪುಸ್ತಕದ ಬಾಕಿ ಚುಕ್ತಾ ಆದ ದಿನ ಅವರು ಆ ಫೋಲ್ಡರನ್ನು ಫಾಂಟುಗಳ ಸಮೇತ ಒಂದು ಡಿಸ್ಕಿಗೆ ಹಾಕಿ ಲೇಖಕರಿಗೇ ಕೊಟ್ಟುಬಿಡುತ್ತಾರೆ. ಅನೇಕರು ಬೇಡ, ನಿಮ್ಮ ಹತ್ತಿರವೇ ಇರಲಿ ಎನ್ನುತ್ತಾರೆ. ಆದರೂ ಕೊಡುತ್ತಾರೆ. ಮೂಲ ಫೈಲು ಕೈಗೆ ಸಿಕ್ಕ ಲೇಖಕರು ಮುಂದಿನ ಮುದ್ರಣವನ್ನು ಕಡಿಮೆ ದರದ ಇನ್ನೊಬ್ಬರಲ್ಲಿ ಮಾಡಿಸಬಹುದು, ಹಾಗೆ ಮಾಡಿಸಿದವರೂ ಇದ್ದಾರೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಬಾಗಿಲಲ್ಲಿ ಪ್ರೂಫ್ ಹಿಡಿದು ನಿಂತಿದ್ದ ಹುಡುಗನಿಗೆ ಒಳಗೆ ಬರಲು ಹೇಳಿ, 112ನೇ ಪುಟ ತೆರೆದರು.